ಬಲ್ಬು ಹೊತ್ತಿಸುವ ಮುಂಚೆ ಉತ್ತರ ಬರೆಸಿ: 40 ನಿಮಿಷದ ಒಂದು ವಿಜ್ಞಾನ ಪಾಠ, ಹಂತ ಹಂತವಾಗಿ

ಮೈಸೂರು, ಮಂಡ್ಯ ಕಡೆಯ ಪ್ರೌಢಶಾಲಾ ವಿಜ್ಞಾನ ಶಿಕ್ಷಕರು ತಿರುಗಿಸಿ ತಿರುಗಿಸಿ ಕೇಳುವ ಪ್ರಶ್ನೆ ಒಂದೇ. ತರಬೇತಿಯಲ್ಲಿ ಚಟುವಟಿಕೆ ಎನ್ನುತ್ತಾರೆ, ಸಂಶೋಧನೆ ಹೀಗೆ ಹೇಳುತ್ತದೆ ಎನ್ನುತ್ತಾರೆ. ಆದರೆ ತರಗತಿಯಲ್ಲಿ 48 ಮಕ್ಕಳು, ಕೈಯಲ್ಲಿ 40 ನಿಮಿಷ, ಮುಗಿಯದ ಸಿಲಬಸ್ಸು, ಮೇಲೆ ಪಾಸಿಂಗ್ ಪ್ಯಾಕೇಜಿನ (ಪಾಸಾಗಲು ಬೇಕಾದಷ್ಟನ್ನೇ ಕಲಿಸುವ ಆಯ್ದ ಪಾಠಗಳ) ಒತ್ತಡ. ಹಾಗಾದರೆ ನಾಳೆ ಮೂರನೇ ಪೀರಿಯಡ್ಡಿನಲ್ಲಿ ಏನು ಮಾಡಬೇಕು?

ಇಲ್ಲಿ ಹತ್ತು ವಿಧಾನಗಳ ಪಟ್ಟಿ ಕೊಡುತ್ತಿಲ್ಲ. ಒಂದೇ ವಿಧಾನ, ಒಂದೇ ಪಾಠ. ಹತ್ತನೇ ತರಗತಿಯ ವಿದ್ಯುಚ್ಛಕ್ತಿ ಅಧ್ಯಾಯದ ಸರಣಿ ಜೋಡಣೆಯನ್ನು, ಅಂದರೆ ಬಲ್ಬುಗಳನ್ನು ಒಂದರ ಹಿಂದೆ ಒಂದು ಬರುವಂತೆ ಜೋಡಿಸುವುದನ್ನು, ಉದಾಹರಣೆಯಾಗಿ ಇಟ್ಟುಕೊಂಡಿದ್ದೇವೆ. ಇದು ಕೈಗೆ ಹತ್ತಿದರೆ ಉಳಿದ ಪಾಠಗಳಿಗೆ ನೀವೇ ಹೊಂದಿಸಿಕೊಳ್ಳಬಹುದು. ಇಡೀ ವಿಧಾನದ ಜೀವ ಇರುವುದು ಒಂದು ಸಣ್ಣ ಅದಲುಬದಲಿನಲ್ಲಿ: ಪ್ರಯೋಗ ತೋರಿಸಿ ಆಮೇಲೆ ಪ್ರಶ್ನೆ ಕೇಳುವ ಬದಲು, ಪ್ರಶ್ನೆ ಕೇಳಿ, ಪ್ರತಿ ಮಗುವೂ ಉತ್ತರ ಬರೆದ ಮೇಲೆ ಪ್ರಯೋಗ ತೋರಿಸುವುದು.

ಹೀಗೇಕೆ?

ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಝೂರ್ ಮತ್ತು ಜೊತೆಗಾರರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರಾತ್ಯಕ್ಷಿಕೆಯನ್ನು ಸುಮ್ಮನೆ ನೋಡಿದ ವಿದ್ಯಾರ್ಥಿಗಳ ತಿಳಿವಳಿಕೆ ಅದನ್ನು ನೋಡೇ ಇಲ್ಲದವರಿಗಿಂತ ಹೆಚ್ಚೇನೂ ಇರಲಿಲ್ಲ. ಮುಂಚೆ ಊಹೆ ಮಾಡಿ ಆಮೇಲೆ ನೋಡಿದವರು ಮುಂದಿದ್ದರು. ನೋಡುವ ಮುಂಚೆ ಊಹೆ ಮಾಡಿದ್ದಕ್ಕೆ ಅಷ್ಟು ಬೆಲೆ. ಈ ಕ್ರಮಕ್ಕೆ ‘ಊಹಿಸು, ನೋಡು, ವಿವರಿಸು’ ಎಂಬ ಸ್ಪಷ್ಟ ರೂಪ ಕೊಟ್ಟವರು ರಿಚರ್ಡ್ ವೈಟ್ ಮತ್ತು ರಿಚರ್ಡ್ ಗನ್‌ಸ್ಟೋನ್, ಆಸ್ಟ್ರೇಲಿಯಾದಲ್ಲಿ. ಇದಕ್ಕೆ ಜೋಡಿಸುತ್ತಿರುವ ಎರಡನೇ ಭಾಗ ‘ಸಹಪಾಠಿ ಬೋಧನೆ’: ಪಕ್ಕದವರ ಜೊತೆ ವಾದ ಮಾಡಿ ಮತ್ತೊಮ್ಮೆ ಉತ್ತರಿಸುವುದು. ಮಝೂರ್ 1991ರಲ್ಲಿ ಇದನ್ನು ತಮ್ಮ ತರಗತಿಯಲ್ಲಿ ಆರಂಭಿಸಿದರು.

ಒಟ್ಟಾರೆ ಲಾಭದ ಅಂದಾಜು ಬೇಕಿದ್ದರೆ 2014ರ ಒಂದು ದೊಡ್ಡ ಸಮೀಕ್ಷೆ ಇದೆ. ವಿಜ್ಞಾನ, ಗಣಿತ, ಎಂಜಿನಿಯರಿಂಗ್ ಕಾಲೇಜು ತರಗತಿಗಳ 225 ಅಧ್ಯಯನಗಳನ್ನು ಅಮೆರಿಕದ ಸ್ಕಾಟ್ ಫ್ರೀಮನ್ ತಂಡ ಒಟ್ಟಿಗೆ ಲೆಕ್ಕ ಹಾಕಿತು. ಬರೀ ಉಪನ್ಯಾಸದ ತರಗತಿಗಳಲ್ಲಿ ಫೇಲಾದವರು ಸರಾಸರಿ ಶೇ 33.8. ಮಕ್ಕಳು ತಲೆ ಓಡಿಸಿ ಉತ್ತರಿಸುವ ತರಗತಿಗಳಲ್ಲಿ ಶೇ 21.8. ಇದು ಅವರ ಕಾಲೇಜುಗಳ ಲೆಕ್ಕ. ನಿಮ್ಮ ಶಾಲೆಯ ಲೆಕ್ಕವನ್ನು ನೀವೇ ಹೇಗೆ ತೆಗೆಯಬಹುದು ಎಂಬುದು 7ನೇ ಹಂತದಲ್ಲಿದೆ.

ಬೇಕಾದ ಸಾಮಾನು

- ಹಳೇ ನಮೂನೆಯ ತಂತಿ ಬಲ್ಬುಗಳು (ಟಾರ್ಚಿನವು), 2.5 ವೋಲ್ಟ್, 0.3 ಆಂಪಿಯರ್: ಕನಿಷ್ಠ 6, ಒಂದೇ ಡಬ್ಬಿಯಿಂದ ತೆಗೆದವು
- ಬಲ್ಬ್ ಹೋಲ್ಡರ್: 3
- 1.5 ವೋಲ್ಟಿನ ದಪ್ಪ ಟಾರ್ಚ್ ಸೆಲ್: 2, ಹೊಸವು
- ಸಿಪ್ಪೆ ಬಿಡಿಸಿದ ತುದಿಯ ವೈರು, ಒಂದು ಸ್ವಿಚ್ಚು
- ಲ್ಯಾಬಿನ ಆಮ್ಮೀಟರು, 0ಯಿಂದ 1 ಆಂಪಿಯರಿನದಾದರೆ ಒಳ್ಳೆಯದು
- ಒಳಗೆ ಕಪ್ಪು ಕಾಗದ ಅಂಟಿಸಿದ ಚಪ್ಪಲಿ ಡಬ್ಬಿ
- ಪ್ರತಿ ಮಗುವಿಗೂ ಅರ್ಧ ಹಾಳೆ

ಎಲ್‌ಇಡಿ ಬಲ್ಬು ಬೇಡವೇ ಬೇಡ. ಅದು ಒಂದೇ ದಿಕ್ಕಿನಲ್ಲಿ ಹೊತ್ತುತ್ತದೆ, ಇಂತಿಷ್ಟು ವೋಲ್ಟ್ ದಾಟುವವರೆಗೆ ಹೊತ್ತುವುದೇ ಇಲ್ಲ. ಎರಡನ್ನು ಸರಣಿಯಲ್ಲಿ ಹಾಕಿ 3 ವೋಲ್ಟ್ ಕೊಟ್ಟರೆ ಎರಡೂ ಕತ್ತಲೆ, ಮಕ್ಕಳು ಬೇರೆಯದೇ ಪಾಠ ಕಲಿಯುತ್ತಾರೆ. ಮೊಬೈಲ್ ಬ್ಯಾಟರಿಯೂ ಬೇಡ: ವೈರು ಅಕಸ್ಮಾತ್ ನೇರ ತಾಗಿದರೆ ಬೆಂಕಿ ಹೊತ್ತುವಷ್ಟು ಕಾಯುತ್ತದೆ. ಗೋಡೆಯ ಸಾಕೆಟ್ಟಿನ ವಿದ್ಯುತ್ತಿನ ಹತ್ತಿರ ಈ ಪಾಠವನ್ನು ತರಲೇಬೇಡಿ.

ಹಂತ 1: ಹಿಂದಿನ ದಿನ ಬಲ್ಬುಗಳಿಗೆ ಜೋಡಿ ಹುಡುಕಿ

ಈ ಹಂತ ಬಿಟ್ಟವರ ಪಾಠ ಅಲ್ಲೇ ಕೆಡುತ್ತದೆ. ಒಂದೇ ಡಬ್ಬಿಯ ಬಲ್ಬುಗಳೂ ತದ್ರೂಪು ಇರುವುದಿಲ್ಲ. ಎರಡನ್ನು ಸರಣಿಯಲ್ಲಿ ಜೋಡಿಸಿ ಹೊತ್ತಿಸಿ. ಒಂದು ಜಾಸ್ತಿ ಬೆಳಗಿದರೆ ಎರಡರ ಜಾಗ ಅದಲುಬದಲು ಮಾಡಿ. ಆ ಹೆಚ್ಚಿನ ಬೆಳಕು ಬಲ್ಬಿನ ಜೊತೆಗೇ ಹೋದರೆ ತಪ್ಪು ಬಲ್ಬಿನದು, ಇನ್ನೊಂದನ್ನು ಹಾಕಿ ನೋಡಿ. ಬೆಳಕು ಜಾಗದಲ್ಲೇ ಉಳಿದರೆ ಮಂಕು ಬಲ್ಬಿನ ಹೋಲ್ಡರು ಬದಲಿಸಿ. ಎರಡೂ ಒಟ್ಟಿಗೇ ಮಿನುಗಿದರೆ ಅಥವಾ ಆರಿದರೆ ಹೋಲ್ಡರಿನ ತಳದ ಪತ್ತಿ ಸರಿಯಾಗಿ ತಾಗುತ್ತಿಲ್ಲ. ಸೂಜಿಯಲ್ಲಿ ಮೇಲೆತ್ತಿ, ತುಕ್ಕು ಕೆರೆಯಿರಿ. ಆರು ಬಲ್ಬಿನಲ್ಲಿ ಸಾಮಾನ್ಯವಾಗಿ ಒಂದು ಒಳ್ಳೇ ಜೋಡಿ ಸಿಗುತ್ತದೆ. ಸಿಕ್ಕ ಜೋಡಿಗೆ ಉಗುರುಬಣ್ಣದಲ್ಲಿ ಚುಕ್ಕೆ ಇಟ್ಟು ಬೇರೆ ಇಡಿ.

ಸರಣಿಯಲ್ಲಿ ಒಂದೊಂದು ಬಲ್ಬಿಗೂ 1.5 ವೋಲ್ಟ್ ಮಾತ್ರ ಸಿಗುವುದರಿಂದ ಬೆಳಕು ಮಂಕು. ಹಗಲು ಹೊತ್ತಿನಲ್ಲಿ ಕೊನೇ ಬೆಂಚಿಗೆ ಕಾಣುವುದಿಲ್ಲ. ಅದಕ್ಕೇ ಕಪ್ಪು ಡಬ್ಬಿ. ಅದರೊಳಗೆ ಬಲ್ಬು ಕೂರಿಸಿ, ಬಾಯಿಯನ್ನು ಮಕ್ಕಳ ಕಡೆ ತಿರುಗಿಸಿ, ಸಾಲು ಸಾಲಾಗಿ ಹತ್ತಿರ ಕರೆದು ತೋರಿಸಿ.

ಹಂತ 2: ಪ್ರಶ್ನೆ ಸಿದ್ಧ ಮಾಡಿ

ಒಳ್ಳೆಯ ಪ್ರಶ್ನೆಯ ಲಕ್ಷಣ ಇದು: ಸೂತ್ರ ಬಾಯಿಪಾಠ ಇದ್ದವನೂ ಯೋಚನೆ ಮಾಡಬೇಕು, ಲೆಕ್ಕ ಬಾರದವನೂ ಉತ್ತರ ಕೊಡುವಂತಿರಬೇಕು. ತಪ್ಪು ಆಯ್ಕೆಗಳನ್ನು ಮನಸ್ಸಿಗೆ ಬಂದಂತೆ ಬರೆಯಬೇಡಿ, ಮಕ್ಕಳು ನಿಜವಾಗಿ ಮಾಡುವ ತಪ್ಪುಗಳಿಂದ ಎತ್ತಿಕೊಳ್ಳಿ. ನಮ್ಮ ಪ್ರಶ್ನೆ:

*ಎರಡು ಸೆಲ್ಲಿಗೆ ಒಂದೇ ಬಗೆಯ ಎರಡು ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿದೆ. ಬಲ್ಬು 1 ಸೆಲ್ಲಿನ ಧನ ತುದಿಯ ಪಕ್ಕ, ಬಲ್ಬು 2 ಋಣ ತುದಿಯ ಪಕ್ಕ ಇದೆ. ಸ್ವಿಚ್ ಹಾಕಿದರೆ:*

*ಅ) ಬಲ್ಬು 1 ಹೆಚ್ಚು ಬೆಳಗುತ್ತದೆ*
*ಆ) ಬಲ್ಬು 2 ಹೆಚ್ಚು ಬೆಳಗುತ್ತದೆ*
*ಇ) ಎರಡೂ ಒಂದೇ ಸಮ ಬೆಳಗುತ್ತವೆ*
*ಈ) ಒಂದು ಮಾತ್ರ ಹೊತ್ತುತ್ತದೆ*

ಉತ್ತರ ‘ಇ’. ಇದೇನು ಮಹಾ ಎನ್ನಿಸಬಹುದು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಲಿಲಿಯನ್ ಮೆಕ್‌ಡರ್ಮಟ್ ಮತ್ತು ಪೀಟರ್ ಶಾಫರ್ ಐದು ಬಲ್ಬುಗಳ ಮೂರು ಮಂಡಲ (ಸರ್ಕ್ಯೂಟ್) ಬರೆದು, ಬೆಳಕಿನ ಕ್ರಮ ಹೇಳಿ ಎಂದು ಕಾಲೇಜು ವಿದ್ಯಾರ್ಥಿಗಳನ್ನು ಕೇಳಿದ್ದರು. ಅವರು 1992ರಲ್ಲಿ ಪ್ರಕಟಿಸಿದಂತೆ ಸರಿ ಉತ್ತರ ಕೊಟ್ಟವರು ಸುಮಾರು ಶೇ 15. ಓಮನ ನಿಯಮದ ಲೆಕ್ಕ ಮಾಡಬಲ್ಲವರೇ ಎಡವುವ ಜಾಗ ಇದು.

ಮಕ್ಕಳು ‘ಅ’ ಆರಿಸುವುದರ ಹಿಂದಿನ ನಂಬಿಕೆಗೆ ‘ಪ್ರವಾಹ (ಕರೆಂಟು) ಖರ್ಚಾಗುತ್ತದೆ’ ಎಂಬ ತಪ್ಪು ಕಲ್ಪನೆ ಎನ್ನುತ್ತಾರೆ. ಮಗುವಿನ ಬಾಯಲ್ಲಿ ಅದು “ಮೊದ್ಲು ಬಲ್ಬೇ ಕರೆಂಟೆಲ್ಲ ತಿಂದ್ಬುಡ್ತದೆ ಸಾ” ಎಂದು ಬರಬಹುದು. ಗಮನಿಸಿ, ಇದು ದಡ್ಡತನವಲ್ಲ. ಕರೆಂಟು ಬಿಲ್ಲು ಬರುತ್ತದೆ, ಸೆಲ್ಲು ಖಾಲಿಯಾಗುತ್ತದೆ, ಏನೋ ಖರ್ಚಾಗುವುದಂತೂ ನಿಜ. ಖರ್ಚಾಗುವುದು ಶಕ್ತಿ. ಪ್ರವಾಹ ಅಲ್ಲ.

ಹಂತ 3: ಒಬ್ಬೊಬ್ಬರೇ ಬರೆಯಲಿ (5 ನಿಮಿಷ)

ಮಂಡಲದ ಚಿತ್ರವನ್ನು ಕರಿಹಲಗೆಯಲ್ಲಿ ಬರೆದು, ನಿಜವಾದ ಜೋಡಣೆಯನ್ನೂ ಸ್ವಿಚ್ಚು ಹಾಕದೆ ತೋರಿಸಿ. ಚಿತ್ರದ ಬಲ್ಬು 1 ಮೇಜಿನ ಮೇಲೆ ಯಾವುದು ಎಂದು ಬೆರಳಿಟ್ಟು ಹೇಳಿ; ಎಷ್ಟೋ ಮಕ್ಕಳಿಗೆ ಚಿತ್ರಕ್ಕೂ ವಸ್ತುವಿಗೂ ಕೊಂಡಿ ಬೆಸೆದಿರುವುದಿಲ್ಲ. ಪ್ರಶ್ನೆಯನ್ನು ಎರಡು ಸಲ ಓದಿ. ಅರ್ಧ ಹಾಳೆಯಲ್ಲಿ ಒಂದು ಅಕ್ಷರ, ಜೊತೆಗೆ “ಯಾಕೆಂದರೆ…” ಎಂದು ಶುರುವಾಗುವ ಒಂದೇ ವಾಕ್ಯ. ಮಾತಿಲ್ಲ, ನಕಲಿಲ್ಲ, ಅಂಕವೂ ಇಲ್ಲ.

ಆಮೇಲೆ ನೀವು ಸುಮ್ಮನಿರಿ. ಹೇಳಿದಷ್ಟು ಸುಲಭವಲ್ಲ ಇದು. ಅಮೆರಿಕದ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಅಳೆದಾಗ, ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕೆ ಕಾಯುತ್ತಿದ್ದದ್ದು ಸರಾಸರಿ ಒಂದು ಸೆಕೆಂಡು. ಮೂರು ಸೆಕೆಂಡಿಗೂ ಮೇಲೆ ಕಾಯಲು ಕಲಿತಾಗ ಮಕ್ಕಳ ಉತ್ತರ ಉದ್ದವಾಯಿತು, ಮಾತೇ ಆಡದವರೂ ಬಾಯಿಬಿಟ್ಟರು. ಬರೆಯುವ ಪ್ರಶ್ನೆಗೆ ಎರಡು ನಿಮಿಷ ಪೂರ್ತಿ ಬೇಕು. ಆ ಹೊತ್ತಿನಲ್ಲಿ ಸುಳಿವು ಕೊಡುವುದು, “ಹಿಂದಿನ ಪಾಠ ನೆನಪಿಸ್ಕೊಳ್ರಪ್ಪಾ” ಎನ್ನುವುದು, ಸರಿ ಬರೆದವಳ ಹಾಳೆ ನೋಡಿ ತಲೆಯಾಡಿಸುವುದು, ಎಲ್ಲವೂ ನಿಷಿದ್ಧ. ನಿಮ್ಮ ಮುಖ ಓದುವುದರಲ್ಲಿ ಮಕ್ಕಳು ಪಳಗಿದವರು.

ಹಂತ 4: ಮತ, ಮಾತು, ಮರುಮತ (8 ನಿಮಿಷ)

ಮತ ಹಾಕಿಸಲು ಯಂತ್ರ ಬೇಡ. ಒಂದರಿಂದ ನಾಲ್ಕು ಬೆರಳನ್ನು ಎದೆಗೆ ಒತ್ತಿ ಹಿಡಿಯಲಿ: ಅ ಒಂದು, ಆ ಎರಡು, ಹೀಗೆ. ಕೈ ಮೇಲೆತ್ತಿಸಿದರೆ ಅರ್ಧ ತರಗತಿ ಮೊದಲನೇ ಬೆಂಚಿನ ಜಾಣೆಯನ್ನು ನೋಡಿ ಬೆರಳು ಬದಲಿಸುತ್ತದೆ, ನಿಮ್ಮ ಕೈಗೆ ಬರುವುದು ಒಬ್ಬಳ ಉತ್ತರದ ನಲವತ್ತು ನಕಲು. ಹಳೇ ಲಗ್ನಪತ್ರಿಕೆಗಳ ರಟ್ಟಿನಲ್ಲಿ ನಾಲ್ಕು ಬಣ್ಣದ ಚೀಟಿ ಮಾಡಿಕೊಂಡರೆ ಎಣಿಸಲು ಇನ್ನೂ ಸಲೀಸು. ಎಣಿಸಿದ್ದನ್ನು ನಿಮ್ಮ ಡೈರಿಯಲ್ಲಿ ಬರೆದುಕೊಳ್ಳಿ, ಹಲಗೆ ಮೇಲೆ ಬೇಡ. “ಹೆಚ್ಚು ಜನ ‘ಅ’ ಅಂದಿದ್ದಾರೆ” ಎಂದು ಗೊತ್ತಾದರೆ ವಾದ ನಿಂತು ಬಹುಮತ ಗೆಲ್ಲುತ್ತದೆ.

ಮುಂದೇನು ಎಂಬುದನ್ನು ಸರಿ ಉತ್ತರಗಳ ಸಂಖ್ಯೆ ತೀರ್ಮಾನಿಸುತ್ತದೆ. 48 ಮಕ್ಕಳ ತರಗತಿಗೆ ಲೆಕ್ಕ ಹೀಗೆ:

- 14 ಅಥವಾ ಕಡಿಮೆ (ಶೇ 30ಕ್ಕಿಂತ ಕೆಳಗೆ): ಈಗ ಮಾತಿಗೆ ಬಿಟ್ಟರೆ ತಪ್ಪೇ ಹರಡುವ ಸಂಭವ ಹೆಚ್ಚು. ಒಂದು ಸುಳಿವು ಕೊಟ್ಟು ಮತ್ತೆ ಮತ ಹಾಕಿಸಿ, ಅಥವಾ ನೇರ ಪ್ರಯೋಗಕ್ಕೆ ಹೋಗಿ.
- 15ರಿಂದ 33: ಇದೇ ಬೇಕಾದದ್ದು. ಚರ್ಚೆಗೆ ಬಿಡಿ.
- 34 ಅಥವಾ ಹೆಚ್ಚು: ಎರಡು ಮಾತಿನಲ್ಲಿ ಕಾರಣ ಹೇಳಿ, ಪ್ರಯೋಗ ತೋರಿಸಿ, ಮುಂದಿನ ಪ್ರಶ್ನೆಗೆ ಹೋಗಿ. ಗೊತ್ತಿರುವುದನ್ನೇ ಚರ್ಚಿಸುತ್ತ ಕೂರಬೇಡಿ.

ಚರ್ಚೆಗೆ ಮೂರು ನಿಮಿಷ, ನಾಲ್ಕಾದರೆ ಜಾಸ್ತಿಯಾಯಿತು. ಸೂಚನೆ ಹೀಗಿರಲಿ: “ನಿನಗಿಂತ ಬೇರೆ ಉತ್ತರ ಬರೆದವರನ್ನು ಹುಡುಕು. ನಿನ್ನ ಕಾರಣ ಹೇಳಿ ಒಪ್ಪಿಸು.” ‘ಗುಂಪಿನಲ್ಲಿ ಚರ್ಚಿಸಿ’ ಎಂದಷ್ಟೇ ಹೇಳಿದರೆ ಆರು ಜನರ ಗುಂಪಿನಲ್ಲಿ ಇಬ್ಬರು ಮಾತಾಡುತ್ತಾರೆ, ಮಿಕ್ಕವರು ಕಿಟಕಿ ನೋಡುತ್ತಾರೆ. ಇಬ್ಬರು ಅಥವಾ ಮೂವರು, ಅಷ್ಟೇ. ಬೆಂಚು ಕದಲಿಸುವುದು ಬೇಡ, ಮುಂದಿನ ಬೆಂಚಿನವರು ಹಿಂದಕ್ಕೆ ತಿರುಗಿದರೆ ಸಾಕು.

ಸರಿ ಉತ್ತರ ಗೊತ್ತಿರುವವರು ಜೋಡಿಯಲ್ಲಿ ಇಲ್ಲದಿದ್ದರೆ? ಕೊಲರಾಡೊ ವಿಶ್ವವಿದ್ಯಾಲಯದ ತಳಿವಿಜ್ಞಾನ ತರಗತಿಯಲ್ಲಿ ಇದನ್ನೇ ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದರು. ಗುಂಪಿನಲ್ಲಿ ಯಾರಿಗೂ ಮೊದಲು ಉತ್ತರ ಗೊತ್ತಿಲ್ಲದಿದ್ದಾಗಲೂ ಮಾತಿನ ನಂತರ ತಿಳಿವಳಿಕೆ ಏರಿತ್ತು. ಜಾಣರು ಹೇಳಿದ್ದನ್ನು ಉಳಿದವರು ನಕಲು ಮಾಡುತ್ತಾರೆ ಅಷ್ಟೆ ಎಂಬ ಅನುಮಾನಕ್ಕೆ ಇದು ಉತ್ತರ.

ಆ ಮೂರು ನಿಮಿಷ ನೀವು ಮೇಜಿನ ಹತ್ತಿರ ನಿಲ್ಲಬೇಡಿ, ಓಡಾಡಿ ಕಿವಿಗೊಡಿ. ಎರಡು ಮೂರು ಕಾರಣಗಳನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಿ. ವಿವರಣೆ ಕೊಡುವಾಗ ಇವೇ ನಿಮ್ಮ ಬಂಡವಾಳ. ತಿದ್ದಲು ಮಾತ್ರ ಹೋಗಬೇಡಿ. ನಂತರ ಮರುಮತ, ಮತ್ತೆ ಎಣಿಕೆ.

ಹಂತ 5: ಈಗ ಸ್ವಿಚ್ಚು ಹಾಕಿ (7 ನಿಮಿಷ)

ಹೊತ್ತಿಸಿ. ಕಂಡದ್ದನ್ನು ಪ್ರತಿಯೊಬ್ಬರೂ ಹಾಳೆಯ ಹಿಂಬದಿಯಲ್ಲಿ ಬರೆಯಲಿ, ವಿವರಣೆ ಶುರುವಾಗುವ ಮುಂಚೆಯೇ. ಬೇಡದ ಕೆಲಸ ಎನ್ನಿಸುತ್ತದೆ, ಆದರೆ ತಪ್ಪು ನಂಬಿಕೆ ಗಟ್ಟಿಯಾಗಿದ್ದರೆ ಕಣ್ಣೂ ಅದರ ಪಕ್ಷ ಸೇರುತ್ತದೆ. “ಮೊದಲನೇದು ಸ್ವಲ್ಪ ಜಾಸ್ತಿನೇ ಇತ್ತು” ಎಂಬ ಸಾಕ್ಷಿ ಬಂದೇ ಬರುತ್ತದೆ. ಆಗ ಆ ಹುಡುಗನನ್ನೇ ಕರೆದು, ಬಲ್ಬುಗಳನ್ನು ಅದಲುಬದಲು ಮಾಡಿಸಿ. ಸೆಲ್ಲನ್ನೂ ತಿರುಗಿಸಿ ಹಾಕಿಸಿ.

ಮುಂದಿನದು ಆಮ್ಮೀಟರು. ಪ್ರವಾಹ ಅಳೆಯುವ ಈ ಉಪಕರಣವನ್ನು ಸರಣಿಯಲ್ಲಿ ಮೂರು ಕಡೆ ಹಾಕಬೇಕು: ಬಲ್ಬು 1ರ ಮುಂಚೆ, ಎರಡು ಬಲ್ಬುಗಳ ನಡುವೆ, ಬಲ್ಬು 2ರ ನಂತರ. ಮೊದಲನೇ ಓದು ಹಲಗೆಯ ಮೇಲೆ ಬರೆದು, ಉಳಿದೆರಡಕ್ಕೆ ಮತ್ತೆ ಊಹೆ ಕೇಳಿ. ಮೂರೂ ಒಂದೇ ಬರುತ್ತದೆ. ಇಲ್ಲಿ ಎಡವುವ ಜಾಗಗಳು:

ಮುಳ್ಳು ಸೊನ್ನೆಯಿಂದ ಹಿಂದಕ್ಕೆ ಹೊಡೆದರೆ ವೈರು ತಿರುವುಮುರುವಾಗಿದೆ, ಕೆಂಪು ತುದಿಯನ್ನು ಸೆಲ್ಲಿನ ಧನ ತುದಿಯ ಕಡೆಗೆ ಹಾಕಿ. ಲ್ಯಾಬಿನಲ್ಲಿ 3 ಆಂಪಿಯರಿನ ಆಮ್ಮೀಟರು ಮಾತ್ರ ಇದ್ದರೆ ಮುಳ್ಳು ಸ್ವಲ್ಪವೇ ಕದಲುತ್ತದೆ, ಓದುವುದು ಕಷ್ಟ. ಮಲ್ಟಿಮೀಟರಾದರೆ ವೈರನ್ನು 10 ಆಂಪಿಯರಿನ ತೂತಿಗೆ ಚುಚ್ಚಿ. ಸಣ್ಣ ಮಿತಿಯ ತೂತಿಗೆ ಚುಚ್ಚಿ ನೇರ ಸೆಲ್ಲಿನ ಎರಡು ತುದಿಗೆ ಹಿಡಿದರೆ ಒಳಗಿನ ಫ್ಯೂಸು ಹೋಗುತ್ತದೆ. ಮಿತಿ ಯಾವುದೇ ಇರಲಿ, ಆಮ್ಮೀಟರನ್ನು ಸೆಲ್ಲಿಗೆ ನೇರ ಹಿಡಿಯುವಂತಿಲ್ಲ.

ಇನ್ನೊಂದು ಬಲೆ ಇದೆ, ಜಾಣ ಮಕ್ಕಳೇ ಹೆಚ್ಚು ಸಿಕ್ಕಿಬೀಳುವುದು. ಒಂದೇ ಬಲ್ಬು ಇದ್ದಾಗ ಸುಮಾರು 0.3 ಆಂಪಿಯರ್, ಆದ್ದರಿಂದ ಎರಡಿದ್ದರೆ ರೋಧ (ಪ್ರವಾಹಕ್ಕೆ ಒಡ್ಡುವ ತಡೆ) ಎರಡರಷ್ಟು, ಪ್ರವಾಹ 0.15 ಎಂದು ಲೆಕ್ಕ ಹಾಕುತ್ತಾರೆ. ಮೀಟರು 0.2ರ ಮೇಲೆ ತೋರಿಸುತ್ತದೆ. ನಿಮ್ಮ ಉಪಕರಣ ಕೆಟ್ಟಿಲ್ಲ. ಮಂಕಾಗಿ ಉರಿಯುವ ತಂತಿ ಕಡಿಮೆ ಬಿಸಿ, ಕಡಿಮೆ ಬಿಸಿಯಾದ ತಂತಿಗೆ ರೋಧವೂ ಕಡಿಮೆ. ಓಮನ ನಿಯಮ ಉಷ್ಣತೆ ಬದಲಾಗದಿದ್ದಾಗ ಅನ್ವಯ ಎಂಬ ಪಠ್ಯದ ಸಾಲಿಗೆ ಜೀವ ಬರುವುದು ಇಲ್ಲೇ. ಪ್ರಶ್ನೆ ಬಂದರೆ ಮಾತ್ರ ಹೇಳಿ, ಇಲ್ಲದಿದ್ದರೆ ಮುಂದಿನ ಪೀರಿಯಡ್ಡಿಗಿರಲಿ.

ಹಂತ 6: ವಿವರಣೆ, ಜೊತೆಗೆ ಒಂದು ನಾಲೆ (12 ನಿಮಿಷ)

ಈಗ ನೀವು ಪಾಠ ಮಾಡಿ. ಸಂಶೋಧನೆ ಶಿಕ್ಷಕರ ಬಾಯಿ ಮುಚ್ಚಿಸುತ್ತದೆ ಎಂಬ ದೂರು ಆಗಾಗ ಕೇಳಿಬರುತ್ತದೆ. ಹಾಗೇನಿಲ್ಲ. ಮಕ್ಕಳು ಉತ್ತರ ಬರೆದು, ವಾದ ಮಾಡಿ, ಕಣ್ಣಾರೆ ನೋಡಿದ ಮೇಲೆ ನಿಮ್ಮ ವಿವರಣೆಗೆ ಕಾದಿರುತ್ತಾರೆ, ಅಷ್ಟೇ ವ್ಯತ್ಯಾಸ. ಓಡಾಡುವಾಗ ಬರೆದುಕೊಂಡ ಕಾರಣಗಳಿಂದ ಶುರು ಮಾಡಿ: “ಕೆಲವರು ಮೊದಲನೇ ಬಲ್ಬು ಕರೆಂಟು ತಿನ್ನುತ್ತೆ ಅಂದರು. ಹಾಗಿದ್ದರೆ ನಡುವಿನ ಆಮ್ಮೀಟರು ಏನು ತೋರಿಸಬೇಕಿತ್ತು?” ಹೆಸರು ಹೇಳಬೇಡಿ.

ಪ್ರವಾಹಕ್ಕೆ ನೀರಿನ ಹೋಲಿಕೆ ಕೊಡುವುದು ಎಲ್ಲರಿಗೂ ರೂಢಿ. ನಮ್ಮ ಕಡೆ ಇದರಲ್ಲಿ ಒಂದು ಅಪಾಯವಿದೆ. ಮಂಡ್ಯದ ಮಗುವಿಗೆ ಹರಿಯುವ ನೀರು ಎಂದರೆ ವಿಶ್ವೇಶ್ವರಯ್ಯ ನಾಲೆ. ನಾಲೆಯಲ್ಲಿ ಮೇಲ್ಭಾಗದವರು ಗದ್ದೆಗೆ ತಿರುಗಿಸಿಕೊಂಡಷ್ಟೂ ಕೊನೇ ಭಾಗದವರಿಗೆ ಕಡಿಮೆ. ಆ ತಕರಾರು ಕೇಳುತ್ತಲೇ ಬೆಳೆದ ಮಗು ‘ಮೊದಲ ಬಲ್ಬಿಗೆ ಜಾಸ್ತಿ, ಕೊನೇ ಬಲ್ಬಿಗೆ ಕಡಿಮೆ’ ಎನ್ನುವುದರಲ್ಲಿ ಆಶ್ಚರ್ಯವೇನಿದೆ? ನಾಲೆಯ ಹೋಲಿಕೆ ತಪ್ಪು ಕಲ್ಪನೆಗೇ ನೀರೆರೆಯುತ್ತದೆ.

ಹೋಲಿಕೆ ಬೇಕಿದ್ದರೆ ಅದೇ ಜಿಲ್ಲೆಯ ಶಿವನಸಮುದ್ರಕ್ಕೆ ಹೋಗಿ. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಲು ಶುರು ಮಾಡಿದ ಕೇಂದ್ರ. ಅಲ್ಲಿ ಕೊಳವೆಯಿಂದ ಟರ್ಬೈನಿಗೆ ಎಷ್ಟು ನೀರು ನುಗ್ಗುತ್ತದೋ ಅಷ್ಟೂ ಹೊರಗೆ ಬಂದು ಕಾವೇರಿಗೆ ಸೇರುತ್ತದೆ. ಟರ್ಬೈನು ನೀರನ್ನು ಕುಡಿಯುವುದಿಲ್ಲ, ಎತ್ತರದಿಂದ ಬಿದ್ದ ನೀರಿನ ಶಕ್ತಿಯನ್ನು ತೆಗೆದುಕೊಳ್ಳುತ್ತದೆ. ಬಲ್ಬೂ ಹಾಗೆಯೇ: ಒಳಹೋದಷ್ಟು ಪ್ರವಾಹ ಹೊರಬರುತ್ತದೆ, ಶಕ್ತಿ ಬೆಳಕಾಗಿ, ಶಾಖವಾಗಿ ಹೋಗುತ್ತದೆ. ಎತ್ತರದ ವ್ಯತ್ಯಾಸದ ಜಾಗದಲ್ಲಿ ವಿಭವಾಂತರ, ಅಂದರೆ ಎರಡು ಬಿಂದುಗಳ ನಡುವೆ ವಿದ್ಯುದಾವೇಶವನ್ನು ನೂಕಿಸುವ ವ್ಯತ್ಯಾಸ. ನಾಲೆ ಮತ್ತು ಟರ್ಬೈನು, ಎರಡನ್ನೂ ಹಲಗೆಯ ಮೇಲೆ ಅಕ್ಕಪಕ್ಕ ಬರೆದು, ಯಾವುದು ಬಲ್ಬಿನಂತೆ ಎಂದು ಮಕ್ಕಳನ್ನೇ ಕೇಳಿದರೆ ಇನ್ನೂ ಮೇಲು.

ಈ ಹೋಲಿಕೆಗೂ ಮಿತಿ ಇದೆ, ಅದನ್ನು ಬಾಯಿಬಿಟ್ಟು ಹೇಳಿ. ಖಾಲಿ ಕೊಳವೆಗೆ ನೀರು ಬಿಟ್ಟರೆ ತುದಿ ಮುಟ್ಟಲು ಹೊತ್ತು ಬೇಕು. ವೈರು ಖಾಲಿ ಕೊಳವೆಯಲ್ಲ, ಅದರ ತುಂಬ ಇಲೆಕ್ಟ್ರಾನುಗಳು ಮೊದಲೇ ಇವೆ. ಸ್ವಿಚ್ಚು ಹಾಕಿದಾಗ ಎಲ್ಲ ಕಡೆಯೂ ಹೆಚ್ಚು ಕಡಿಮೆ ಒಟ್ಟಿಗೇ ಚಲನೆ ಶುರು. ಆದ್ದರಿಂದ ಎರಡು ಬಲ್ಬೂ ಒಟ್ಟಿಗೇ ಹೊತ್ತುತ್ತವೆ.

ಉಳಿದ ಎಂಟು ನಿಮಿಷದಲ್ಲಿ ಎರಡನೇ ಪ್ರಶ್ನೆ: ಇದೇ ಎರಡು ಬಲ್ಬುಗಳನ್ನು ಸಮಾಂತರವಾಗಿ, ಅಂದರೆ ಪ್ರತಿಯೊಂದಕ್ಕೂ ಸೆಲ್ಲಿಗೆ ಬೇರೆ ಬೇರೆ ದಾರಿ ಇರುವಂತೆ, ಜೋಡಿಸಿ ಒಂದನ್ನು ಬಿಚ್ಚಿದರೆ ಇನ್ನೊಂದು ಹೆಚ್ಚು ಬೆಳಗುವುದೇ, ಕಡಿಮೆಯೇ, ಅಷ್ಟೇಯೇ, ಆರಿಹೋಗುವುದೇ? ಉತ್ತರ, ಅಷ್ಟೇ. ಎಚ್ಚರ: ಸೆಲ್ಲು ಹಳೆಯದಾಗಿದ್ದರೆ ಒಂದನ್ನು ಬಿಚ್ಚಿದ ಕೂಡಲೇ ಇನ್ನೊಂದು ಕಣ್ಣಿಗೆ ಕಾಣುವಷ್ಟು ಬೆಳಗುತ್ತದೆ. ಸೆಲ್ಲಿನ ಒಳರೋಧದ ಆಟ ಅದು. ಹೊಸ, ದಪ್ಪ ಸೆಲ್ಲು ಎಂದು ಪಟ್ಟಿಯಲ್ಲಿ ಬರೆದದ್ದು ಇದಕ್ಕೇ.

ಹಂತ 7: ಕಲಿತರೇ? ಅಳೆದು ನೋಡಿ

ಕ್ರಿಯಾ ಸಂಶೋಧನೆ (ಶಿಕ್ಷಕರು ತಮ್ಮದೇ ತರಗತಿಯಲ್ಲಿ ಮಾಡುವ ಸಂಶೋಧನೆ) ಎಂದ ಕೂಡಲೇ ಬಿ.ಎಡ್‌ನ ದಪ್ಪ ಫೈಲು ನೆನಪಾಗಿ ಬೇಸರ ಬರುತ್ತದೆ. ಇಲ್ಲಿ ಬೇಕಿರುವುದು ಎರಡು ಹಾಳೆ. ಅಧ್ಯಾಯ ಆರಂಭಿಸುವ ಮುಂಚೆ 10 ಬಹುಆಯ್ಕೆ ಪ್ರಶ್ನೆಗಳ ಪೂರ್ವಪರೀಕ್ಷೆ. ಅಧ್ಯಾಯ ಮುಗಿದು ಒಂದು ವಾರದ ಮೇಲೆ ಅದೇ ಮಟ್ಟದ ನಂತರದ ಪರೀಕ್ಷೆ. ಸರಾಸರಿ ಅಂಕ ಏರಿತೇ ಎಂದಷ್ಟೇ ನೋಡಿದರೆ ಮೋಸ ಹೋಗುತ್ತೀರಿ: 80ರಲ್ಲಿದ್ದ ತರಗತಿಗೆ ಏರಲು 20 ಮಾತ್ರ ಜಾಗ, 30ರಲ್ಲಿದ್ದದ್ದಕ್ಕೆ 70. ಅದಕ್ಕೆ ‘ಸಾಪೇಕ್ಷ ಗಳಿಕೆ’ ಬಳಸುತ್ತಾರೆ, ಅಂದರೆ ಗಳಿಸಲು ಬಾಕಿ ಇದ್ದದ್ದರಲ್ಲಿ ಎಷ್ಟು ಪಾಲು ಗಳಿಸಿದರು ಎಂಬುದು.

*ಗಳಿಕೆ = (ನಂತರದ ಶೇಕಡಾ − ಮೊದಲಿನ ಶೇಕಡಾ) ÷ (100 − ಮೊದಲಿನ ಶೇಕಡಾ)*

ಮೊದಲು 32, ನಂತರ 66 ಎಂದಿಟ್ಟುಕೊಳ್ಳಿ. 34ನ್ನು 68ರಿಂದ ಭಾಗಿಸಿದರೆ 0.5. ಹೋಲಿಸಲು ಒಂದು ಅಳತೆಗೋಲು: ಅಮೆರಿಕದ ರಿಚರ್ಡ್ ಹೇಕ್ 1998ರಲ್ಲಿ 62 ಭೌತಶಾಸ್ತ್ರ ಕೋರ್ಸುಗಳ 6,542 ವಿದ್ಯಾರ್ಥಿಗಳ ಅಂಕಗಳನ್ನು ಹೀಗೇ ಲೆಕ್ಕ ಹಾಕಿದರು. ಸಾಂಪ್ರದಾಯಿಕ ಬೋಧನೆಯಲ್ಲಿ ಗಳಿಕೆ ಸರಾಸರಿ 0.23, ಮಕ್ಕಳನ್ನು ತೊಡಗಿಸುವ ಬೋಧನೆಯಲ್ಲಿ 0.48. ಅದು ಬಲ, ಚಲನೆಯ ಪಾಠ. ನಿಮ್ಮ ವಿದ್ಯುತ್ ಪಾಠಕ್ಕೆ ಅದೇ ಅಂಕಿ ಬರಬೇಕೆಂದಿಲ್ಲ.

ಲೆಕ್ಕ ಕೆಡಿಸುವ ಸಂಗತಿಗಳು ಕೆಲವಿವೆ. ಎರಡೂ ಪರೀಕ್ಷೆ ಬರೆದ ಮಕ್ಕಳನ್ನು ಮಾತ್ರ ಸೇರಿಸಿ, ಒಂದಕ್ಕೆ ಗೈರಾದವರನ್ನು ಎರಡರಿಂದಲೂ ಬಿಡಿ. ನಾಲ್ಕು ಆಯ್ಕೆಯ ಪ್ರಶ್ನೆಗೆ ಕಣ್ಣು ಮುಚ್ಚಿ ಗುರುತು ಹಾಕಿದರೂ ಸರಾಸರಿ ಶೇ 25 ಬರುತ್ತದೆ, ಹಾಗಾಗಿ ಮೇಲಿನ 32 ಹೆಚ್ಚು ಕಡಿಮೆ ಏನೂ ಗೊತ್ತಿಲ್ಲ ಎಂದೇ ಅರ್ಥ. ಪೂರ್ವಪರೀಕ್ಷೆಯ ಉತ್ತರಗಳನ್ನು ತರಗತಿಯಲ್ಲಿ ಹೇಳಿಕೊಡಬೇಡಿ, ಪ್ರಶ್ನೆಪತ್ರಿಕೆ ವಾಪಸು ತೆಗೆದುಕೊಳ್ಳಿ. ಇದರ ಅಂಕವನ್ನು ಎಫ್‌ಎಗೆ (ರೂಪಣಾತ್ಮಕ ಮೌಲ್ಯಮಾಪನಕ್ಕೆ) ಸೇರಿಸುವುದಿಲ್ಲ ಎಂದು ಮೊದಲೇ ಹೇಳಿ, ಇಲ್ಲವಾದರೆ ಪೂರ್ವಪರೀಕ್ಷೆಯಲ್ಲೂ ನಕಲು. ‘ಎ’ ವಿಭಾಗಕ್ಕೆ ಹೊಸ ವಿಧಾನ, ‘ಬಿ’ಗೆ ಹಳೆಯದು ಎಂದು ಹೋಲಿಸುವುದಾದರೆ ಮುಂದಿನ ಅಧ್ಯಾಯಕ್ಕೆ ಅದಲುಬದಲು ಮಾಡಿ, ಯಾವ ವಿಭಾಗಕ್ಕೂ ಅನ್ಯಾಯವಾಗುವುದಿಲ್ಲ.

ಒಂದು ವಾರ ಬಿಟ್ಟು ಕೇಳಿ ಎಂದದ್ದು ಸುಮ್ಮನೆ ಅಲ್ಲ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳ 2006ರ ಪ್ರಯೋಗದಲ್ಲಿ, ಐದು ನಿಮಿಷದ ನಂತರ ಕೇಳಿದಾಗ ಪಾಠವನ್ನು ಮತ್ತೆ ಮತ್ತೆ ಓದಿದವರು ಮುಂದಿದ್ದರು. ವಾರದ ನಂತರ ಕೇಳಿದಾಗ, ಓದುವುದನ್ನು ನಿಲ್ಲಿಸಿ ನೆನಪಿನಿಂದ ಬರೆದು ಅಭ್ಯಾಸ ಮಾಡಿದ್ದವರು ಮುಂದಾದರು. ಪೀರಿಯಡ್ಡಿನ ಕೊನೆಗೆ “ಅರ್ಥ ಆಯ್ತಾ?” “ಆಯ್ತು ಸಾ” ಎಂಬುದಕ್ಕೆ ಎಷ್ಟು ಬೆಲೆ ಎಂದು ಇದರಿಂದ ಲೆಕ್ಕ ಹಾಕಿ. ಪ್ರತಿ ಸೋಮವಾರ ಮೊದಲ ಮೂರು ನಿಮಿಷ, ಹಿಂದಿನ ವಾರದ ಒಂದು ಪ್ರಶ್ನೆಗೆ ಪುಸ್ತಕ ಮುಚ್ಚಿ ಉತ್ತರ ಬರೆಸಿ.

ಬರುವ ದೂರುಗಳು

ಮೊದಲ ದೂರು ಮಕ್ಕಳಿಂದಲೇ: “ಮೇಡಂ ನೋಟ್ಸ್ ಕೊಡ್ತಿಲ್ಲ, ನಮ್ಮನ್ನೇ ಕೇಳ್ತಾರೆ.” 2019ರಲ್ಲಿ ಹಾರ್ವರ್ಡಿನ ಲೂಯಿ ಡೆಲೊರಿಯೆ ತಂಡ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು: ತಲೆ ಓಡಿಸಿ ಕಲಿತವರು ಪರೀಕ್ಷೆಯಲ್ಲಿ ಹೆಚ್ಚು ಅಂಕ ತೆಗೆದರು, ಆದರೆ ತಾವು ಕಡಿಮೆ ಕಲಿತೆವು ಎಂದುಕೊಂಡಿದ್ದರು. ಸೊಗಸಾದ ಉಪನ್ಯಾಸ ಕೇಳಿದವರಿಗೆ ಎಲ್ಲ ಗೊತ್ತಾದ ಭಾವ. ಆದ್ದರಿಂದ ಮೊದಲ ದಿನವೇ ಮಕ್ಕಳಿಗೆ ಹೇಳಿಬಿಡಿ, ತಲೆ ನೋಯುತ್ತದೆ, ಅದು ಕಲಿಯುತ್ತಿರುವುದರ ಗುರುತು ಎಂದು. ಪೀರಿಯಡ್ಡಿನ ಕೊನೆಗೆ ಐದು ಸಾಲಿನ ನೋಟ್ಸನ್ನೂ ಕೊಡಿ. ಮನೆಯಲ್ಲಿ ತೋರಿಸಲು ಅವರಿಗೂ ಏನಾದರೂ ಬೇಕು.

ಎರಡನೆಯದು ಗಲಾಟೆ. ಪಕ್ಕದ ತರಗತಿಯವರಿಗೂ ಹೆಡ್‌ಮಾಸ್ಟರರಿಗೂ ಮೊದಲೇ ತಿಳಿಸಿ, ಮೂರು ನಿಮಿಷ ಗದ್ದಲ ಇರುತ್ತದೆ ಎಂದು. ಕೈ ಮೇಲೆತ್ತಿದರೆ ಮೌನ ಎಂಬ ಸಂಜ್ಞೆಯನ್ನು ಎರಡು ಸಲ ಅಭ್ಯಾಸ ಮಾಡಿಸಿ. ಮೂರನೆಯದು ಸಿಲಬಸ್ಸು. ಪ್ರತಿ ಪೀರಿಯಡ್ಡಿಗೂ ಇದನ್ನು ಮಾಡಲು ಹೋಗಬೇಡಿ. ವಾರಕ್ಕೆ ಒಂದು, ಅದೂ ಮಕ್ಕಳು ವರ್ಷ ವರ್ಷ ಎಡವುವ ಪರಿಕಲ್ಪನೆಗೆ ಮಾತ್ರ.

ನಮ್ಮ ಕಡೆಗೆ ಹೊಂದುವ ಇನ್ನು ಕೆಲವು ಪ್ರಶ್ನೆಗಳು

*ಕಬ್ಬು:* ಒಣಗಿಸಿದ ಕಬ್ಬಿನ ತೂಕದ ಬಹುಪಾಲು ಎಲ್ಲಿಂದ ಬಂತು, ಮಣ್ಣೋ, ಗೊಬ್ಬರವೋ, ನೀರೋ, ಗಾಳಿಯೋ? ಹೆಚ್ಚಿನವರು ಗೊಬ್ಬರ ಎನ್ನುತ್ತಾರೆ. ಉತ್ತರ ಗಾಳಿಯ ಇಂಗಾಲದ ಡೈಆಕ್ಸೈಡು. ‘ಒಣಗಿಸಿದ’ ಎಂಬ ಪದ ಬಿಡಬೇಡಿ: ಹಸಿ ಕಬ್ಬಿನಲ್ಲಿ ಬಹುಪಾಲು ನೀರೇ, ಆಗ ‘ನೀರು’ ಎಂದವನೂ ಸರಿ.

*ಆಲೆಮನೆ:* ಕೊಪ್ಪರಿಗೆಯ ಕಬ್ಬಿನ ಹಾಲಿಗೆ ಸುಣ್ಣದ ತಿಳಿ ಹಾಕುವುದೇಕೆ? ತಾಜಾ ಹಾಲಿಗೂ ಸುಣ್ಣ ಹಾಕಿದ ಹಾಲಿಗೂ ಲಿಟ್ಮಸ್ ಅದ್ದುವ ಮುಂಚೆ ಬಣ್ಣ ಊಹಿಸಲಿ. ಹಾಲು ಸ್ವಲ್ಪ ಆಮ್ಲೀಯ, ಪಿಎಚ್ 5ರಿಂದ 5.5ರ ಆಸುಪಾಸು. ಅರಿಸಿನದ ಕಾಗದ ಇಲ್ಲಿ ಕೈಕೊಡುತ್ತದೆ: ಆಮ್ಲದಲ್ಲೂ ತಟಸ್ಥದಲ್ಲೂ ಅದು ಹಳದಿಯೇ, ಕೆಂಪಾಗುವುದು ಪ್ರತ್ಯಾಮ್ಲಕ್ಕೆ ಮಾತ್ರ.

*ಕುದಿಯುವ ನೀರು:* ನಮ್ಮ ಲ್ಯಾಬಿನಲ್ಲಿ ನೀರು ಎಷ್ಟು ಡಿಗ್ರಿಗೆ ಕುದಿಯುತ್ತದೆ? ತರಗತಿ ಒಕ್ಕೊರಲಿನಿಂದ 100 ಎನ್ನುತ್ತದೆ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರ. ಎತ್ತರ ಸುಮಾರು 300 ಮೀಟರ್ ಏರಿದಂತೆ ಕುದಿಯುವ ಬಿಂದು ಒಂದು ಡಿಗ್ರಿ ಸೆಲ್ಸಿಯಸ್ ಇಳಿಯುವುದರಿಂದ ಇಲ್ಲಿ 97.5ರ ಆಸುಪಾಸು ಬರಬೇಕು. ಮೊದಲು ಥರ್ಮಾಮೀಟರನ್ನು ಕರಗುತ್ತಿರುವ ಐಸಿನಲ್ಲಿ ಇಟ್ಟು ಸೊನ್ನೆ ತೋರಿಸುವುದೇ ನೋಡಿ; ಒಂದು ಡಿಗ್ರಿ ಹೆಚ್ಚು ತೋರಿಸಿದರೆ ಕುದಿಯುವ ಓದಿನಿಂದಲೂ ಒಂದು ಕಳೆಯಿರಿ. ಬುರುಡೆ ಪಾತ್ರೆಯ ತಳಕ್ಕೆ ತಾಗಬಾರದು. 97 ಓದಿದ ಹುಡುಗಿ ಹೆದರಿ 100 ಎಂದು ತಿದ್ದಲು ಹೋದರೆ ತಡೆಯಿರಿ. ಪ್ರಯೋಗದ ಪುಸ್ತಕದಲ್ಲಿ ಅವಳು ಕಂಡ ಅಂಕಿಯೇ ಇರಲಿ, ಪಕ್ಕದಲ್ಲಿ ಊರಿನ ಎತ್ತರವನ್ನೂ ಬರೆಸಿ.